ಲೈಬ್ರರಿ ಲ್ಯಾಪ್‌ಟಾಪ್ ತಗೊಳ್ಳುವಾಗ ಏನು ನೋಡ್ಬೇಕು?

ಪ್ರಶ್ನೆ (ಕಾರವಾರ): ಸೆಮಿನಾರಿಗೆ ವಿಶ್ವವಿದ್ಯಾಲಯದ ಲೈಬ್ರರಿಯಿಂದ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ತಗೊಳ್ಳೂದಿದೆ. ಕೌಂಟರಲ್ಲೇ ಏನು ಪರೀಕ್ಷಿಸಬೇಕು?

ಉತ್ತರ 1: ಸಹಿಗೆ ಮೊದಲು ಆನ್ ಮಾಡಿ, ಚಾರ್ಜರ್ ತೆಗೆದು 5 ನಿಮಿಷ ಬಿಡಿ. ಬ್ಯಾಟರಿ ಸತ್ತಿದ್ರೆ ಅಲ್ಲೇ ಗೊತ್ತಾಗ್ತದೆ. ಚಾರ್ಜರಿನ ವ್ಯಾಟ್ ಓದಿ. 65 ಬೇಕಾದಲ್ಲಿ 45ರದ್ದು ಕೊಟ್ಟಿದ್ರೆ ಚಾರ್ಜ್ ತೆವಳ್ತದೆ. ಗೀರು, ಬಿರುಕು ಇದ್ರೆ ರಿಜಿಸ್ಟರಿನಲ್ಲಿ ಬರೆಸಿಯೇ ಹೊರಡಿ, ಇಲ್ಲಾಂದ್ರೆ ದಂಡ ನಿಮ್ಮ ತಲೆಗೆ.

ಉತ್ತರ 2: ಫೈಲ್ ಪೆನ್‌ಡ್ರೈವಲ್ಲಿರಲಿ. ಕೆಲವು ಲೈಬ್ರರಿ ಯಂತ್ರಗಳು ರೀಸ್ಟಾರ್ಟ್ ಆದ್ರೆ ಎಲ್ಲ ಅಳಿಸ್ತವೆ. ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟಾದ್ರೆ ಪಿಡಿಎಫ್ ಮಾಡಿ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರ ಕೆಡ್ತದೆ.

ಉತ್ತರ 3: ಮಾರಾಯ್ರೆ, ಪ್ರೊಜೆಕ್ಟರ್ ಮರೀಬೇಡಿ! ನಮ್ಮ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು ಹಿಡೀತದೆ, ಬಿಳಿಗೋಡೆಗೆ ಬಿಟ್ಟು ನೋಡಿ. ಲ್ಯಾಪ್‌ಟಾಪಲ್ಲಿ ಟೈಪ್-ಸಿ ಪೋರ್ಟ್ ಮಾತ್ರ ಇದ್ರೆ, ಪ್ರೊಜೆಕ್ಟರ್ ಕೇಬಲ್ ಜೋಡಿಸ್ಲಿಕ್ಕೆ ಎಚ್‌ಡಿಎಂಐ ಅಡಾಪ್ಟರ್ ಕೇಳಿ. ಆ ಪೋರ್ಟಿಗೆ ವಿಡಿಯೊ ಸೌಲಭ್ಯ ಇಲ್ಲದಿದ್ರೆ ಅಡಾಪ್ಟರ್ ಹಾಕಿದ್ರೂ ಚಿತ್ರ ಬರೂದಿಲ್ಲ.