ಪಾರ್ಕ್ ಜಾಗದಲ್ಲಿ ನಗರಸಭೆ ಸಮುದಾಯ ಭವನ ಕಟ್ಟಬಹುದೇ? ಯಾವ ಕಾಯ್ದೆ, ಯಾರಿಗೆ ಅರ್ಜಿ?

ಮಳೆಮರ ಕೇಳಿದ್ದು:

ನಗರಸಭೆ ವ್ಯಾಪ್ತಿಯ ಖಾಸಗಿ ಬಡಾವಣೆ, 1996ರಲ್ಲಿ ಅನುಮೋದನೆಯಾದದ್ದು. ನಕ್ಷೆಯಲ್ಲಿ 20 ಗುಂಟೆಗೆ ‘ಉದ್ಯಾನವನ’ ಎಂದು ಬರೆದಿದೆ. ಸುತ್ತ ತಂತಿಬೇಲಿ, ಒಳಗೆ ಒಂದಷ್ಟು ಮಳೆಮರ, ಸಂಪಿಗೆ, ಮೂಲೆಯಲ್ಲಿ ಬೋರ್‌ವೆಲ್ ಪಂಪ್‌ಹೌಸ್ ಇವೆ. ಶಾಸಕರ ಅನುದಾನದಲ್ಲಿ ಅಲ್ಲಿ 40×60 ಅಡಿಯ ಸಮುದಾಯ ಭವನ ಕಟ್ಟಲು ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿದೆ. ಗುದ್ದಲಿ ಪೂಜೆ ಇನ್ನೂ ಆಗಿಲ್ಲ. ಕೇಳಿದರೆ ‘ಜಾಗ ನಗರಸಭೆಯದೇ, ಭವನವೂ ಸಾರ್ವಜನಿಕರಿಗೇ, ತಪ್ಪೇನು?’ ಎನ್ನುತ್ತಾರೆ.

ಇದನ್ನು ತಡೆಯುವ ರಾಜ್ಯ ಕಾಯ್ದೆ ಯಾವುದು? ಮೊದಲು ಯಾರ ಬಳಿ ಹೋಗಬೇಕು? ಕೋರ್ಟಿಗೆ ಹೋಗುವ ಮುಂಚೆ ಕೈಯಲ್ಲಿ ಏನೇನು ಕಾಗದ ಇರಬೇಕು?

ನಕಾಶೆಪೆಟ್ಟಿಗೆ ಉತ್ತರ:

ಕಾಯ್ದೆಯ ಮಾತು ಆಮೇಲೆ ಸರ್. ಮೊದಲು ಆ 20 ಗುಂಟೆ ದಾಖಲೆಯಲ್ಲಿ ಏನಾಗಿದೆ ಎಂದು ಖಚಿತ ಮಾಡಿಕೊಳ್ಳಿ. ಬೋರ್ಡಿನಲ್ಲಿ ‘ಉದ್ಯಾನವನ’ ಎಂದಿದ್ದು ನಕ್ಷೆಯಲ್ಲಿ ಸಿಎ (ನಾಗರಿಕ ಸೌಲಭ್ಯದ) ನಿವೇಶನವಾಗಿದ್ದರೆ ನಿಮ್ಮ ವಾದ ಅಲ್ಲಿಗೇ ನಿಂತುಬಿಡುತ್ತದೆ. ನಾಗರಿಕ ಸೌಲಭ್ಯದ ನಿವೇಶನದಲ್ಲಿ ಸಮುದಾಯ ಭವನ, ಅಂಗನವಾಡಿ ಕಟ್ಟಲು ಅವಕಾಶ ಇದ್ದೇ ಇದೆ. ಉದ್ಯಾನವೆಂದು ಬಿಟ್ಟ ಜಾಗದಲ್ಲಿ ಅದಿಲ್ಲ. ಈ ಎರಡನ್ನು ಬೆರೆಸಿ ಮಾತಾಡುವುದರಿಂದಲೇ ಅರ್ಧ ಜಗಳಗಳು ಹಾದಿ ತಪ್ಪುವುದು.

ಅನುಮೋದಿತ ಬಡಾವಣೆ ನಕ್ಷೆಯ ಒಂದು ಬದಿಯಲ್ಲಿ ವಿಸ್ತೀರ್ಣದ ಕೋಷ್ಟಕ ಇರುತ್ತದೆ. ನಿವೇಶನಗಳಿಗೆ ಇಷ್ಟು, ರಸ್ತೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು, ಸಿಎಗೆ ಇಷ್ಟು ಎಂದು ಚದರ ಮೀಟರ್ ಮತ್ತು ಶೇಕಡಾ ಎರಡರಲ್ಲೂ ಬರೆದಿರುತ್ತಾರೆ. ನಿಮ್ಮ ಜಾಗ ಆ ಕೋಷ್ಟಕದ ಉದ್ಯಾನದ ಸಾಲಿಗೆ ತಾಳೆಯಾಗಬೇಕು. 20 ಗುಂಟೆ ಎಂದರೆ 21,780 ಚದರ ಅಡಿ, ಸುಮಾರು 2,023 ಚದರ ಮೀಟರ್. ಕೋಷ್ಟಕದ ಸಂಖ್ಯೆ ಇದಕ್ಕಿಂತ ಹೆಚ್ಚಿದ್ದರೆ ಉಳಿದ ಜಾಗ ಎಲ್ಲಿ ಹೋಯಿತು ಎಂಬುದೂ ಪ್ರಶ್ನೆಯೇ.

ಉದ್ಯಾನಕ್ಕೆ ಎಷ್ಟು ಬಿಡಬೇಕಿತ್ತು ಎಂಬುದಕ್ಕೆ ಬಡಾವಣೆ ಅನುಮೋದನೆಯಾದ ದಿನ ಜಾರಿಯಲ್ಲಿದ್ದ ನಿಯಮವೇ ಅಳತೆ, ಇವತ್ತಿನದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ 16ನೇ ಪ್ರಕರಣದಲ್ಲಿ ಉದ್ಯಾನ ಮತ್ತು ಆಟದ ಮೈದಾನಕ್ಕೆ ಕನಿಷ್ಠ ಶೇ 15, ಸಿಎಗೆ ಹೆಚ್ಚುವರಿಯಾಗಿ ಕನಿಷ್ಠ ಶೇ 10 ಎಂದಿದೆ. ಅದು ಪ್ರಾಧಿಕಾರವೇ ರೂಪಿಸುವ ಬಡಾವಣೆಯ ಲೆಕ್ಕ. ಅದನ್ನು ನಿಮ್ಮ ಅರ್ಜಿಗೆ ಹಾಗೇ ಇಳಿಸಬೇಡಿ, ಎದುರಿನವರು ಅದೊಂದನ್ನೇ ಹಿಡಿದುಕೊಂಡು ಉಳಿದದ್ದನ್ನೂ ತಳ್ಳಿಹಾಕುತ್ತಾರೆ.

ಎರಡನೆಯದು ಹಸ್ತಾಂತರ. ರಸ್ತೆ, ಉದ್ಯಾನಗಳನ್ನು ಬಡಾವಣೆ ಮಾಡಿದವರು ನೋಂದಾಯಿತ ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಟ್ಟಿರಬೇಕು. ‘ರಿಲಿಂಕ್ವಿಶ್‌ಮೆಂಟ್ ಡೀಡ್’ ಎಂದೇ ಕಚೇರಿಯಲ್ಲಿ ಕೇಳಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು 1996ರಿಂದ ಇಂದಿನವರೆಗೆ ಇಸಿ (ಋಣಭಾರ ಪತ್ರ) ತೆಗೆಸಿದರೆ ಪತ್ರ ನೋಂದಣಿಯಾಗಿದ್ದರೆ ಗೊತ್ತಾಗುತ್ತದೆ. ಆಗಿರದಿದ್ದರೆ ಭವನಕ್ಕಿಂತ ದೊಡ್ಡ ಅಪಾಯ ಕಾದಿದೆ. ಪಹಣಿಯ 9ನೇ ಕಾಲಂನಲ್ಲಿ ಹಳೆಯ ಮಾಲೀಕರ ಹೆಸರೇ ಉಳಿದಿರುತ್ತದೆ, ಮುಂದೊಂದು ದಿನ ವಾರಸುದಾರರು ವಿಭಾಗ ಮಾಡಿಕೊಂಡು ಮಾರಲು ಬರುತ್ತಾರೆ. ಇಸಿ ಮತ್ತು ಪಹಣಿ ಎರಡನ್ನೂ ಒಟ್ಟಿಗೆ ನೋಡಿ.

ದಿಶಾಂಕ್ ಆ್ಯಪ್ ಹಿಡಿದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತಿಳಿಯುತ್ತದೆ. ಗಡಿ ಅಂದಾಜಿಗೆ ಅದು ಸಾಕು, ಸಾಕ್ಷ್ಯಕ್ಕೆ ಸಾಲದು.

ಕಡತ_ವಿಲೇವಾರಿ ಉತ್ತರ:

ಕಾಯ್ದೆಯ ಪ್ರಶ್ನೆಗೆ ಬರುತ್ತೇನೆ. ಹೆಸರು ಉದ್ದ: ಕರ್ನಾಟಕ ಉದ್ಯಾನವನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಕಾಯ್ದೆ, 1985. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗೆ ಸಂಬಂಧಿಸಿದ್ದು 1975ರ ಸರ್ಕಾರಿ ಉದ್ಯಾನವನಗಳ ಸಂರಕ್ಷಣಾ ಕಾಯ್ದೆ. ಅದು ಬೇರೆ, ನಿಮಗೆ ಬೇಡ.

1985ರ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಉದ್ಯಾನ, ಮೈದಾನ, ಬಯಲು ಜಾಗಗಳ ಪಟ್ಟಿಯನ್ನು ನಕ್ಷೆ ಸಮೇತ ತಯಾರಿಸಿ ಸರ್ಕಾರಕ್ಕೆ ಕಳಿಸಬೇಕು, ಸರ್ಕಾರ ಅದನ್ನು ಪ್ರಕಟಿಸಬೇಕು. ಪಟ್ಟಿಯಲ್ಲಿರುವ ಜಾಗವನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಅಂದರೆ ನಗರಸಭೆಯ ನಿರ್ಣಯ ಒಂದೇ ಸಾಲದು.

ಉದ್ಯಾನದ ವ್ಯಾಖ್ಯಾನದಲ್ಲೇ ಕಟ್ಟಡದ ಮಿತಿ ಇದೆ: ಕಟ್ಟಡವೇ ಇಲ್ಲದ, ಅಥವಾ ಒಟ್ಟು ಜಾಗದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಟ್ಟಡ ಇಲ್ಲದ ಜಾಗ. ನಿಮ್ಮ ಲೆಕ್ಕ ಸುಲಭ. 20 ಗುಂಟೆಯಲ್ಲಿ ಇಪ್ಪತ್ತನೇ ಒಂದು ಭಾಗ ಎಂದರೆ 1 ಗುಂಟೆ, 1,089 ಚದರ ಅಡಿ. ಭವನ 2,400 ಚದರ ಅಡಿ. ಪಂಪ್‌ಹೌಸ್ ಸೇರಿಸದೆಯೇ ಎರಡು ಪಟ್ಟಿಗಿಂತ ಜಾಸ್ತಿ. ಈ ಮೂರು ಸಾಲನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

ಠರಾವು ಉತ್ತರ:

ಮೇಲಿನ ಉತ್ತರದ ಲೆಕ್ಕ ಸರಿ, ಆದರೆ ಅದನ್ನು ಮಂಡಿಸುವ ರೀತಿಗೆ ಒಂದು ಎಚ್ಚರಿಕೆ. ಶೇ 5 ಎಂಬುದು ವ್ಯಾಖ್ಯಾನದಲ್ಲಿ ಬಂದ ಮಾತೇ ಹೊರತು ‘ಅಷ್ಟು ಕಟ್ಟಿಕೊಳ್ಳಿ’ ಎಂಬ ಪರವಾನಗಿ ಅಲ್ಲ. ನೀವೇ ಅದನ್ನು ಮುಖ್ಯ ವಾದ ಮಾಡಿಕೊಂಡರೆ ನಾಳೆ 30×35 ಅಡಿಯ ಹೊಸ ಅಂದಾಜುಪಟ್ಟಿ ತಯಾರಾಗುತ್ತದೆ. 1,050 ಚದರ ಅಡಿ, ನಿಮ್ಮದೇ ಮಿತಿಯೊಳಗೆ! ಪಂಪ್‌ಹೌಸ್ ಸೇರಿಸಿದರೆ ದಾಟಬಹುದು, ಆದರೆ ಜಗಳ ಆಗ ಹತ್ತಿಪ್ಪತ್ತು ಚದರ ಅಡಿಯದ್ದಾಗಿ ಕುಗ್ಗಿಬಿಡುತ್ತದೆ. ಆದ್ದರಿಂದ ಮೊದಲ ವಾದ ಉದ್ದೇಶದ್ದಾಗಿರಲಿ. ತೋಟದ ಮಾಲಿಯ ಕೋಣೆ, ಶೌಚಾಲಯ ಉದ್ಯಾನಕ್ಕೆ ಬೇಕಾದವು. ಮದುವೆ, ಸಭೆ ನಡೆಸುವ ಭವನ ಉದ್ಯಾನದ ಬಳಕೆಯೇ ಅಲ್ಲ, ಅಳತೆ ಎಷ್ಟೇ ಇರಲಿ. ವಿಸ್ತೀರ್ಣದ ಲೆಕ್ಕ ಎರಡನೆಯ ವಾದ.

‘ಭವನವೂ ಸಾರ್ವಜನಿಕರಿಗೇ’ ಎಂಬ ಮಾತಿಗೆ ಉತ್ತರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿದೆ. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಒಂದು ಬಳಕೆಗೆ ಗುರುತಿಸಿದ ಜಾಗವನ್ನು ಇನ್ನೊಂದಕ್ಕೆ ಬದಲಿಸಬೇಕಾದರೆ 14ಎ ಪ್ರಕರಣದ ದಾರಿ ಹಿಡಿಯಬೇಕು: ಸಾರ್ವಜನಿಕ ಹಿತ ಇರಬೇಕು, ಬೇರೆ ಯಾವುದೇ ಕಾನೂನಿಗೆ ವಿರುದ್ಧವಾಗಿರಬಾರದು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆದಿರಬೇಕು, ರಾಜ್ಯ ಸರ್ಕಾರದ ಅನುಮೋದನೆ ಬೇಕು. ಇದರಲ್ಲಿ ಒಂದೂ ಆಗಿರದಿದ್ದರೆ ಸದಸ್ಯರೆಲ್ಲ ಒಮ್ಮತದಿಂದ ಕೈ ಎತ್ತಿದ್ದರೂ ಆ ನಿರ್ಣಯ ನಿಲ್ಲುವುದು ಕಷ್ಟ.

ತೀರ್ಪು ಬೇಕೆಂದರೆ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ, ಸುಪ್ರೀಂ ಕೋರ್ಟ್, 1991. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ನಿವಾಸಿಗಳು ಪ್ರಶ್ನಿಸಿದರು, ಹಂಚಿಕೆ ರದ್ದಾಯಿತು. ಅದರಲ್ಲಿ ನಿಮಗೆ ಬೇಕಾದ ಅಂಶ ಎರಡು. ಬಡಾವಣೆಯ ನಿವಾಸಿಗಳಿಗೆ ಇಂಥದ್ದನ್ನು ಪ್ರಶ್ನಿಸುವ ಹಕ್ಕಿದೆ. ಮೇಲಿನಿಂದ ಸೂಚನೆ ಬಂತೆಂದು ಯೋಜನೆಯ ಜಾಗವನ್ನು ಕಾನೂನಿನ ಕ್ರಮ ಬಿಟ್ಟು ಬದಲಿಸಲು ಬರುವುದಿಲ್ಲ. ಪಂಡಿತ್ ಚೇತ್ ರಾಮ್ ವಶಿಷ್ಠ ಪ್ರಕರಣವನ್ನೂ (1995) ಕೆಲವರು ಉದ್ಧರಿಸುತ್ತಾರೆ. ಬಡಾವಣೆಯ ಉದ್ಯಾನಕ್ಕೆ ಸ್ಥಳೀಯ ಸಂಸ್ಥೆ ಟ್ರಸ್ಟಿಯಂತೆ ಎಂಬ ಮಾತು ಅಲ್ಲಿದೆ. ಆದರೆ ಅದು ದೆಹಲಿಯ ಕಾನೂನಿನ ಮೇಲೆ ಬಂದದ್ದು, ಪೂರಕವಾಗಿ ಮಾತ್ರ ಇಟ್ಟುಕೊಳ್ಳಿ.

ಈಗ ಯಾರಿಗೆ ಅರ್ಜಿ ಎಂಬುದು. ನಗರಸಭೆಯಾದ್ದರಿಂದ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 306ನೇ ಪ್ರಕರಣದಡಿ ಜಿಲ್ಲಾಧಿಕಾರಿಗಳಿಗೆ. ಕಾನೂನುಬಾಹಿರ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಅರ್ಜಿಯ ನಕಲು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಬಡಾವಣೆ ನಕ್ಷೆ ಅನುಮೋದಿಸುವ ಯೋಜನಾ ಪ್ರಾಧಿಕಾರಕ್ಕೆ, ಪೌರಾಯುಕ್ತರಿಗೆ ಹೋಗಲಿ. ಮಹಾನಗರ ಪಾಲಿಕೆಯ ಊರಿನವರು ಇದನ್ನು ನಕಲು ಮಾಡಬೇಡಿ, ಅವರದು 1976ರ ಬೇರೆ ಕಾಯ್ದೆ.

ಅರ್ಜಿಯಲ್ಲಿ ಸಾಮಾನ್ಯವಾಗಿ ಕೆಡುವುದು ಇಲ್ಲೇ: ‘ಮಕ್ಕಳಿಗೆ ಆಡಲು ಜಾಗವಿಲ್ಲ, ವೃದ್ಧರಿಗೆ ಗಾಳಿಯಿಲ್ಲ’ ಎಂದು ಎರಡು ಪುಟ, ನಿರ್ಣಯದ ಸಂಖ್ಯೆ ಮಾತ್ರ ಎಲ್ಲೂ ಇರುವುದಿಲ್ಲ. ಸಂಖ್ಯೆ ಇಲ್ಲದ ಅರ್ಜಿ ‘ವರದಿ ನೀಡಿ’ ಎಂಬ ಷರಾದೊಂದಿಗೆ ಅದೇ ನಗರಸಭೆಗೆ ಇಳಿದುಬರುತ್ತದೆ, ಅಲ್ಲಿಂದ ಮೇಲೇಳುವುದಿಲ್ಲ. ಸಭೆಯ ದಿನಾಂಕ, ವಿಷಯ ಸಂಖ್ಯೆ, ನಿರ್ಣಯದ ಸಂಖ್ಯೆ, ಅದು ಉಲ್ಲಂಘಿಸುವ ಕಾಯ್ದೆ, ನೀವು ಕೋರುವ ಆದೇಶ — ಒಂದೂವರೆ ಪುಟ ಸಾಕು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ನಾಳೆ ಹೈಕೋರ್ಟ್‌ನಲ್ಲಿ ರಿಟ್ ಹಾಕಿದರೆ ಮೊದಲು ಕೇಳುವುದೇ ‘ಅಧಿಕಾರಿಗಳಿಗೆ ಮನವಿ ಕೊಟ್ಟಿದ್ದೀರಾ?’ ಎಂದು.

ನಕಾಶೆಪೆಟ್ಟಿಗೆ:

ಮಾಹಿತಿ ಹಕ್ಕಿನ ಅರ್ಜಿ ಬಗ್ಗೆ ಸೇರಿಸುತ್ತೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಆದ್ದರಿಂದ ಮೂರು ಬಿಡಿ ಅರ್ಜಿ ಹಾಕಿ.

ಒಂದು, ಯೋಜನಾ ಪ್ರಾಧಿಕಾರಕ್ಕೆ: ಅನುಮೋದಿತ ನಕ್ಷೆ, ಅನುಮೋದನೆಯ ಷರತ್ತುಗಳ ಪತ್ರ, ಮಹಾಯೋಜನೆಯಲ್ಲಿ ಆ ಸರ್ವೆ ನಂಬರಿನ ಭಾಗದ ದೃಢೀಕೃತ ಪ್ರತಿ. ಇನ್ನೊಂದು ನಗರಸಭೆಗೆ: ನಿರ್ಣಯದ ಪ್ರತಿ, ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ. ಮತ್ತೊಂದೂ ನಗರಸಭೆಗೇ: 1985ರ ಕಾಯ್ದೆಯಡಿ ತಯಾರಿಸಿದ ಪಟ್ಟಿ, ಸರ್ಕಾರ ಪ್ರಕಟಿಸಿದ ಅಧಿಸೂಚನೆ. ‘ಯಾಕೆ ಕಟ್ಟುತ್ತಿದ್ದೀರಿ’ ಎಂದು ಕೇಳಬೇಡಿ. ದಾಖಲೆಯಲ್ಲಿರುವುದನ್ನು ಕೊಡುವುದಷ್ಟೇ ಅವರ ಬಾಧ್ಯತೆ, ಕಾರಣ ವಿವರಿಸುವುದಲ್ಲ. 30 ದಿನ ಕಳೆದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಆದರೆ ಉತ್ತರಕ್ಕೆ ಕಾಯುತ್ತಾ ಜಿಲ್ಲಾಧಿಕಾರಿಗಳ ಅರ್ಜಿಯನ್ನು ತಡಮಾಡಬೇಡಿ. ಕಾರ್ಯಾದೇಶ ಆಗುವ ಮುಂಚೆ ತಡೆ ಸಿಗುವುದು ಸುಲಭ. ಪಾಯ ತುಂಬಿದ ಮೇಲೆ ‘ಸಾರ್ವಜನಿಕ ಹಣ ಈಗಾಗಲೇ ಖರ್ಚಾಗಿದೆ’ ಎಂಬ ವಾದ ಹುಟ್ಟಿಕೊಳ್ಳುತ್ತದೆ. ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಟೆಂಡರ್ ಹುಡುಕುತ್ತಿರಿ. ಕಾಮಗಾರಿಯನ್ನು ನಿರ್ಮಿತಿ ಕೇಂದ್ರಕ್ಕೆ ವಹಿಸಿದ್ದರೆ ಅಲ್ಲಿ ಕಾಣಿಸದೆಯೂ ಇರಬಹುದು.

ಮರ ಕಡಿಯುವುದಿದ್ದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ನಗರಸಭೆಗೂ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಪಟ್ಟಿ ನೋಡಿ. ಈಗಲೇ ಪ್ರತಿ ಮರದ ಸುತ್ತಳತೆ, ಜಾತಿ ಬರೆದು ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಕಡಿದ ಮೇಲೆ ‘ಅಲ್ಲಿ ಬರೀ ಪೊದೆ ಇತ್ತು’ ಎಂಬ ಮಹಜರು ಬಂದರೆ ಎದುರಿಸಲು ಬೇರೆ ದಾರಿ ಇರುವುದಿಲ್ಲ.

ಮಳೆಮರ:

ತುಂಬಾ ಉಪಕಾರ. ಇನ್ನೆರಡು ಪ್ರಶ್ನೆ. ನಿವಾಸಿಗಳ ಸಂಘ ಇದೆ, ಆದರೆ ನೋಂದಣಿ ಆಗಿಲ್ಲ. ಮತ್ತೆ ಕೆಲವರ ಸಲಹೆ: ಅಲ್ಲೊಂದು ಪುಟ್ಟ ಗಣಪತಿ ಗುಡಿ ಕಟ್ಟಿಬಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂದು.

ಠರಾವು:

ಗುಡಿ ಖಂಡಿತ ಬೇಡ. ಬೀದಿ, ಉದ್ಯಾನ, ಸಾರ್ವಜನಿಕ ಜಾಗದಲ್ಲಿ ಯಾವ ಧರ್ಮದ ಹೆಸರಿನಲ್ಲೂ ಅನಧಿಕೃತ ಕಟ್ಟಡಕ್ಕೆ ಅವಕಾಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ. ಕರ್ನಾಟಕದ 2021ರ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ರಕ್ಷಣೆ ಕೊಡುವುದು ಅದು ಜಾರಿಗೆ ಬಂದಾಗ ಆಗಲೇ ಇದ್ದ ಕಟ್ಟಡಗಳಿಗೆ, ಹೊಸದಕ್ಕಲ್ಲ. ಅದಕ್ಕಿಂತ ಮುಖ್ಯವಾಗಿ, ಉದ್ಯಾನದಲ್ಲಿ ಬೇರೆ ಏನೂ ಬರಬಾರದು ಎಂದು ವಾದಿಸುವವರೇ ಗುಡಿ ಕಟ್ಟಿದರೆ ನಿಮ್ಮ ಪ್ರಕರಣ ಅವತ್ತೇ ಮುಗಿಯಿತು.

ಸಂಘದ ನೋಂದಣಿ ಇಲ್ಲದಿದ್ದರೆ ಸಂಘದ ಹೆಸರಿನಲ್ಲಿ ರಿಟ್ ಬೇಡ. ಬಡಾವಣೆಯಲ್ಲಿ ನಿವೇಶನ ಇರುವ ಮೂರ್ನಾಲ್ಕು ಮಂದಿ ತಮ್ಮ ಹೆಸರಿನಲ್ಲೇ, ಕ್ರಯಪತ್ರದ ಪ್ರತಿ ಲಗತ್ತಿಸಿ ಹಾಕಬಹುದು. ಕ್ರಯಪತ್ರಕ್ಕೆ ಬಡಾವಣೆ ನಕ್ಷೆ ಲಗತ್ತಾಗಿದ್ದರೆ ಇನ್ನೂ ಒಳ್ಳೆಯದು, ಉದ್ಯಾನ ತೋರಿಸಿಯೇ ನಿವೇಶನ ಮಾರಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಸಿವಿಲ್ ದಾವೆಯ ದಾರಿ ಹಿಡಿದರೆ ಸರ್ಕಾರವನ್ನೋ ಜಿಲ್ಲಾಧಿಕಾರಿಗಳನ್ನೋ ಪ್ರತಿವಾದಿ ಮಾಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದ ಎರಡು ತಿಂಗಳ ನೋಟಿಸ್ ಬೇಕು. ತುರ್ತಿದ್ದರೆ ಅದೇ ಪ್ರಕರಣದ 2ನೇ ಉಪಪ್ರಕರಣದಡಿ ನ್ಯಾಯಾಲಯದ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು.

ಕಡತ_ವಿಲೇವಾರಿ:

ಭವನ ಕಟ್ಟುವುದಕ್ಕೆ ತಡೆ ಸಿಕ್ಕ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. 20 ಗುಂಟೆಗೆ ನಗರಸಭೆಯ ಆಸ್ತಿ ವಹಿಯಲ್ಲಿ ‘ಉದ್ಯಾನವನ’ ಎಂದೇ ನಮೂದಾಗಿ ಇ-ಆಸ್ತಿಯಲ್ಲಿ (ಆಸ್ತಿ ದಾಖಲೆಯ ಗಣಕ ವ್ಯವಸ್ಥೆ) ಖಾತೆಯಾಗಬೇಕು, 1985ರ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಲು ಪ್ರತ್ಯೇಕ ಮನವಿ ಹೋಗಬೇಕು. ವಹಿಯಲ್ಲಿ ‘ಖಾಲಿ ಜಾಗ’ ಎಂದು ಬರೆದಿದ್ದರೆ ಮುಂದಿನ ವರ್ಷ ಕುಡಿಯುವ ನೀರಿನ ಟ್ಯಾಂಕ್‌ಗೋ ಕಸ ವಿಂಗಡಣೆ ಘಟಕಕ್ಕೋ ಅದೇ ಜಾಗ ಮತ್ತೆ ಕಣ್ಣಿಗೆ ಬೀಳುತ್ತದೆ. ನಮೂದು ತಿದ್ದಿಸುವ ಮನವಿಯನ್ನು ಜಿಲ್ಲಾಧಿಕಾರಿಗಳ ಅರ್ಜಿ ಕೊಡುವ ದಿನವೇ ಪೌರಾಯುಕ್ತರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.