ಹೊಸ ಅಡಿಕೆ ಸಂಸ್ಕರಣಾ ಘಟಕವನ್ನು ಊರು ನಂಬುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಸ್ನೇಹಿತನೂ ಸೇರಿ ಕಳೆದ ವರ್ಷ ಬೆಳೆಗಾರರ ಹಸಿ ಅಡಿಕೆಯನ್ನು ಕೂಲಿಗೆ ಸುಲಿದು, ಬೇಯಿಸಿ, ಡ್ರೈಯರಿನಲ್ಲಿ ಒಣಗಿಸಿಕೊಡುವ ಘಟಕವೊಂದನ್ನು ಆರಂಭಿಸಿದೆವು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯಾಗಿದೆ, ಪಂಚಾಯಿತಿ ಪರವಾನಗಿ ಸಿಕ್ಕಿದೆ, ಯಂತ್ರಕ್ಕೆ ಬ್ಯಾಂಕಿನ ಸಾಲವೂ ಆಗಿದೆ. ಆದರೂ ಬೆಳೆಗಾರರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಯಂತ್ರವನ್ನು ಸುತ್ತು ಹಾಕಿ ನೋಡುತ್ತಾರೆ, ಕೊನೆಗೆ ಫಸಲನ್ನು, ಅದನ್ನು ಗುತ್ತಿಗೆಗೆ ಹಿಡಿಯುವ ಹಳೆಯ ಖೇಣಿದಾರರಿಗೇ ಕೊಡುತ್ತಾರೆ. ದುಡಿಯುವ ಬಂಡವಾಳಕ್ಕೆಂದು ಬ್ಯಾಂಕಿಗೆ ಹೋದರೆ ‘ನಿಮ್ಮ ಗಿರಾಕಿಗಳು ಯಾರು’ ಎನ್ನುತ್ತಾರೆ. ಗಿರಾಕಿಗಳು ‘ಮುಂದಿನ ವರ್ಷವೂ ಇರುತ್ತೀರಾ’ ಎನ್ನುತ್ತಾರೆ. ಕೆಳಗಿನ ಗದ್ದೆಯವರು ಚೊಗರಿನ (ಅಡಿಕೆ ಬೇಯಿಸಿದ ಕಡುಗೆಂಪು) ನೀರು ಹಳ್ಳಕ್ಕೆ ಇಳಿಯುತ್ತದೆಂದು ತಕರಾರು ತೆಗೆದಿದ್ದಾರೆ. ಇಷ್ಟೂ ಜನರಿಂದ ‘ಇವರದ್ದು ಸರಿಯಾದ ವ್ಯವಹಾರ’ ಎನ್ನಿಸಿಕೊಳ್ಳಲು ಎಲ್ಲಿಂದ ತೊಡಗಬೇಕು?

ಉತ್ತರ 1 (ಶಿವಮೊಗ್ಗದ ನಿರ್ವಹಣಾಶಾಸ್ತ್ರದ ಅಧ್ಯಾಪಕ)

ನಿಮ್ಮದು ಹಳೆಯ ಸಮಸ್ಯೆ. ಹೊಸ ಸಂಸ್ಥೆಗಳೇ ಹೆಚ್ಚಾಗಿ ಮುಚ್ಚಿಹೋಗುವುದನ್ನು ಗಮನಿಸಿದ ಸಮಾಜಶಾಸ್ತ್ರಜ್ಞ ಆರ್ಥರ್ ಸ್ಟಿಂಚ್‌ಕೋಂಬ್ 1965ರಲ್ಲೇ ಇದನ್ನು ಹೊಸತನದ ಹೊರೆ ಎಂಬ ಅರ್ಥದ ಹೆಸರಿನಿಂದ ಕರೆದರು. ಅಪರಿಚಿತರ ನಡುವಿನ ನಂಬಿಕೆಯನ್ನೇ ಆಧರಿಸಬೇಕಾದ ಸ್ಥಿತಿ ಆ ಹೊರೆಯ ಒಂದು ಮುಖ್ಯ ಭಾಗ. 1995ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಾರ್ಕ್ ಸಚ್‌ಮನ್, ಸಂಸ್ಥೆಯೊಂದನ್ನು ಜನ ಸರಿಯೆಂದು ಒಪ್ಪುವ ಮಾನ್ಯತೆಯನ್ನು ಮೂರಾಗಿ ಬಿಡಿಸಿದರು: ಇದರಿಂದ ನನಗೆ ಪ್ರಯೋಜನವಿದೆ ಎಂಬುದು ಒಂದು, ಇವರು ಮಾಡುತ್ತಿರುವುದು ನ್ಯಾಯವಾದದ್ದು ಎಂಬುದು ಇನ್ನೊಂದು, ಇಂಥದ್ದು ಇರುವುದೇ ಸಹಜ ಎಂದು ಯಾರೂ ಪ್ರಶ್ನಿಸದೆ ಒಪ್ಪುವುದು ಮೂರನೆಯದು. ಖೇಣಿದಾರರಿಗೆ ಈ ಮೂರನೆಯದು ತಲೆಮಾರುಗಳಿಂದ ಬಂದಿದೆ. ನಿಮಗೆ ಅದು ಸದ್ಯಕ್ಕೆ ದಕ್ಕುವುದಿಲ್ಲ, ಅದಕ್ಕಾಗಿ ಈಗಲೇ ಜಾಹೀರಾತಿನ ಹಣ ಸುರಿಯಬೇಡಿ.

ಕಾಗದಪತ್ರಗಳ ಬಗ್ಗೆ ಒಂದು ಮಾತು. 2020ರ ಜುಲೈ 1ರಿಂದ ಜಾರಿಗೆ ಬಂದ ಉದ್ಯಮ್ ನೋಂದಣಿ ಉಚಿತವಾದದ್ದು, ನಾವೇ ಘೋಷಿಸಿಕೊಂಡು ಪಡೆಯುವಂಥದ್ದು. ಯಾರಿಗೂ ಸುಲಭವಾಗಿ ಸಿಗುವ ಪತ್ರವನ್ನು ಗೋಡೆಗೆ ತೂಗುಹಾಕಿದರೆ ನೀವು ಇದ್ದೀರಿ ಎಂದಷ್ಟೇ ಗೊತ್ತಾಗುತ್ತದೆ. ಮೋಸಗಾರನಿಗೆ ತೋರಿಸಲು ದುಬಾರಿಯಾಗುವ, ಪ್ರಾಮಾಣಿಕನಿಗೆ ತೋರಿಸಲು ಅಗ್ಗವಾಗುವ ಗುರುತು ಯಾವುದೋ ಅದನ್ನು ಹುಡುಕಿಕೊಳ್ಳಿ.

ಉತ್ತರ 2 (ಅಡಿಕೆ ಮಾರಾಟ ಸಹಕಾರ ಸಂಘವೊಂದರ ನಿವೃತ್ತ ನೌಕರ)

ಮೇಷ್ಟ್ರು ಹುಡುಕಿಕೊಳ್ಳಿ ಎಂದ ಗುರುತು ನಿಮ್ಮ ತಕ್ಕಡಿಯೇ. ನಾನು ಕೆಲಸದಲ್ಲಿದ್ದಾಗ ಮೊದಲ ಸಲ ಬಂದ ಬೆಳೆಗಾರರಲ್ಲಿ ಕೆಲವರು ಮೂಟೆಗಿಂತ ಮುಂಚೆ ತಾವೇ ತಕ್ಕಡಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು. ತಮ್ಮ ತೂಕ ಅವರಿಗೆ ಗೊತ್ತಿರುತ್ತಿತ್ತಲ್ಲ! ನಗು ಬರುತ್ತಿತ್ತು, ಆದರೆ ನಾವು ಯಾರೂ ತಡೆಯುತ್ತಿರಲಿಲ್ಲ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆಯನ್ನು ಅವಧಿ ಮೀರದಂತೆ ಹಾಕಿಸಿ, ಅದು ಕಣ್ಣಿಗೆ ಬೀಳುವಂತೆ ಅಂಗಳದಲ್ಲಿಡಿ.

ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದಾಗ ಅದೂ ಹೊಸದೇ ತಾನೆ. ಸಹಕಾರಿ ಮಾರಾಟದ ಕ್ರಮವನ್ನೇ ನೋಡಿ: ಸದಸ್ಯನ ಅಡಿಕೆ ಸದಸ್ಯನ ಹೆಸರಿನಲ್ಲೇ ಲಾಟಾಗಿ ನಿಲ್ಲುತ್ತದೆ, ವ್ಯಾಪಾರಿಗಳು ಮಾದರಿ ನೋಡಿ ಟೆಂಡರು ಹಾಕುತ್ತಾರೆ, ದರ ಎಲ್ಲರಿಗೂ ತಿಳಿಯುತ್ತದೆ. ನಿಮ್ಮಲ್ಲಿ ಬೆಳೆಗಾರನಿಗಿರುವ ಭಯ ಕೂಲಿಯ ದರದ್ದಲ್ಲ, ಬೆರಕೆಯದ್ದು. ತನ್ನ ತೋಟದ ಒಳ್ಳೆಯ ಬೆಟ್ಟೆ ಅಡಿಕೆ ಹೋಗಿ ಯಾರದ್ದೋ ಕಡಿಮೆ ದರ್ಜೆಯ ಗೊರಬಲು ಚೀಲಕ್ಕೆ ಬಂದೀತೇ ಎಂಬುದು. ಆದ್ದರಿಂದ ಒಬ್ಬರದ್ದು ಮುಗಿಯುವ ತನಕ ಇನ್ನೊಬ್ಬರದ್ದನ್ನು ಹಂಡೆಗೆ ಹಾಕಬೇಡಿ. ಒಣಗಿಸುವ ತಟ್ಟೆಗಳಿಗೆ ಹೆಸರಿನ ಚೀಟಿ ಕಟ್ಟಿ. ಹಸಿ ತೂಕ, ಒಣ ತೂಕ ಎರಡನ್ನೂ ಬರೆದು ಅವರ ಸಹಿ ಪಡೆದು ಒಂದು ಪ್ರತಿಯನ್ನು ಅವರ ಕೈಗೇ ಕೊಡಿ. ಆ ಪುಸ್ತಕವೇ ಮುಂದಿನ ವರ್ಷ ಬ್ಯಾಂಕಿನ ಪ್ರಶ್ನೆಗೆ ಉತ್ತರವಾಗುತ್ತದೆ. ಒಂದು ಲಾಟು ನಿಮ್ಮಿಂದ ಕರಕಲಾದರೆ ಅವರು ಕೇಳುವ ಮೊದಲೇ ನಷ್ಟ ಕಟ್ಟಿಕೊಡಿ.

ಉತ್ತರ 3 (ಸಾಗರದಲ್ಲಿ ಉಪ್ಪಿನಕಾಯಿ ತಯಾರಿಸುವವಳು)

ಹಿರಿಯರು ಹೇಳಿದ್ದು ಸರಿ, ಆದರೆ ಇಬ್ಬರೂ ಸುಲಿಯುವ ಹೆಂಗಸರನ್ನು ಮರೆತಿದ್ದಾರೆ. ಮೆಟ್ಟುಕತ್ತಿ ಹಿಡಿದು ಸುಲಿದು ಸಂಪಾದಿಸುತ್ತಿದ್ದವರ ಕೂಲಿಯನ್ನು ನಿಮ್ಮ ಯಂತ್ರ ಕಸಿದುಕೊಂಡಿತು ಎಂದು ಊರಲ್ಲಿ ಮಾತಾದರೆ ಯಾವ ಪರವಾನಗಿಯೂ ನಿಮ್ಮ ಕೈಹಿಡಿಯದು. ಒಣಗಿದ ಅಡಿಕೆಯನ್ನು ಆರಿಸಿ ವಿಂಗಡಿಸುವುದರಲ್ಲಿ ಅವರ ಕಣ್ಣಿಗೆ ಸಾಟಿಯಿಲ್ಲ. ಆ ಕೆಲಸಕ್ಕೆ ಅವರನ್ನೇ ಕರೆಯಿರಿ. ಯಾವ ಮನೆಯ ಅಡಿಕೆ ಎಲ್ಲಿ ಚೆನ್ನಾಗಿ ಒಣಗಿತು ಎಂಬ ಸುದ್ದಿ ಮನೆ ಮನೆಗೆ ಹೋಗುವುದೂ ಅವರ ಬಾಯಿಂದಲೇ.

ನನ್ನದೊಂದು ತಪ್ಪು ಹೇಳುತ್ತೇನೆ. ಆರಂಭದ ವರ್ಷ ಅಪ್ಪೆಮಿಡಿ (ಪರಿಮಳದ ಅಪ್ಪೆ ಮಾವಿನ ಎಳೆಗಾಯಿ) ಸಾಲದೆ ಬಂದಾಗ ಬೇರೆ ಮಾವಿನ ಮಿಡಿಯನ್ನು ಸ್ವಲ್ಪ ಬೆರೆಸಿ, ಜಾಡಿಯ ಮೇಲೆ ಅಪ್ಪೆಮಿಡಿ ಎಂದೇ ಚೀಟಿ ಅಂಟಿಸಿದ್ದೆ. ಚೀಟಿಯಲ್ಲಿ ಆಹಾರ ಸುರಕ್ಷತೆಯ 14 ಅಂಕೆಯ ಸಂಖ್ಯೆ ಸರಿಯಾಗಿಯೇ ಇತ್ತು. ಅಜ್ಜಿಯೊಬ್ಬರು ಮುಚ್ಚಳ ತೆಗೆದು ಮೂಸಿ, ‘ಇದರಲ್ಲಿ ಸೊನೆಯ ಪರಿಮಳವೇ ಇಲ್ಲವಲ್ಲ ಮಗಾ’ ಎಂದು ಜಾಡಿಯನ್ನು ಹಾಗೆಯೇ ವಾಪಸಿಟ್ಟರು. ಉಳಿದ ಜಾಡಿಗಳ ಚೀಟಿಯನ್ನು ಅಂದೇ ಕಿತ್ತು ‘ಮಿಶ್ರ ಮಿಡಿ’ ಎಂದು ಬರೆದು ಕಡಿಮೆ ಬೆಲೆಗೆ ಮಾರಿದೆ. ಆ ಅಜ್ಜಿಯ ಮನೆಗೆ ಮತ್ತೆ ನನ್ನ ಜಾಡಿ ಹೋಗಲು ಎರಡು ಹಂಗಾಮು ಬೇಕಾಯಿತು.

ಚೊಗರಿನ ವಿಷಯದಲ್ಲಿ ಕೆಳಗಿನ ಗದ್ದೆಯವರ ತಕರಾರು ನ್ಯಾಯವಾದದ್ದೇ, ವಾದಿಸಬೇಡಿ. ನಮ್ಮ ತಾಲ್ಲೂಕಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಿಂದ ಬಣ್ಣ ಕಟ್ಟುತ್ತಾರೆ. ಬಣ್ಣದ ಕೆಲಸದವರು ಯಾರಾದರೂ ನಿಮ್ಮದನ್ನೂ ಕೊಂಡಾರೇ ಎಂದು ವಿಚಾರಿಸಿ. ಅಲ್ಲಿಯವರೆಗೆ ಇಂಗುಗುಂಡಿ ತೋಡಿ, ಅದನ್ನು ನೋಡಲು ಅವರನ್ನೇ ಕರೆಯಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಷ್ಟ ಕಟ್ಟಿಕೊಡುವ ಮಾತು ಸಾಲದಲ್ಲಿರುವ ನಮಗೆ ಭಾರವೇ. ಆದ್ದರಿಂದ ಈ ಹಂಗಾಮಿಗೆ ನಮ್ಮ ಶಕ್ತಿಗೆ ನಿಲುಕುವ ಐದಾರು ಮನೆಗಳ ಫಸಲನ್ನು ಮಾತ್ರ ಒಪ್ಪಿಕೊಳ್ಳಲು ತೀರ್ಮಾನಿಸಿದ್ದೇವೆ. ತಕ್ಕಡಿ ಶೆಡ್ಡಿನ ಒಳಗಿನ ಮೂಲೆಯಲ್ಲಿತ್ತು, ಅಂಗಳಕ್ಕೆ ತಂದಾಯಿತು. ಇಂಗುಗುಂಡಿಗೆ ಜಾಗ ತೋರಿಸಲು ಕೆಳಗಿನ ಗದ್ದೆಯವರು ಭಾನುವಾರ ಬರುತ್ತೇನೆಂದಿದ್ದಾರೆ.