ಅತ್ತೆ ಊರಿಗೆ ಹೋದರು, ಏಳು ತಿಂಗಳ ಮಗು, ನಾನೊಬ್ಬಳೇ

ಬೆಣ್ಣೆದೋಸೆ (ಲೆಸ್ಟರ್, ಇಂಗ್ಲೆಂಡ್): ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಅತ್ತೆಯವರ ಆರು ತಿಂಗಳ ವೀಸಾ ಮುಗಿದು, ಹೋದ ವಾರ ದಾವಣಗೆರೆಗೆ ಹೊರಟರು. ಯಜಮಾನರಿಗೆ ನೈಟ್ ಶಿಫ್ಟ್. ಮಗು ಅತ್ತರೆ ಅವರ ನಿದ್ದೆ ಕೆಡುತ್ತದೆ ಅಂತ ಮಳೆಯಲ್ಲೂ ಪ್ರಾಮ್ ತಳ್ಳಿಕೊಂಡು ಬೀದಿ ಸುತ್ತುತ್ತೇನೆ. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳನ್ನು, ತಾಯಂದಿರನ್ನು ವಿಚಾರಿಸಿಕೊಳ್ಳುವ ನರ್ಸ್) ಹೇಗಿದ್ದೀರಿ ಅಂದಾಗ ಚೆನ್ನಾಗಿದ್ದೇನೆ ಅಂದುಬಿಟ್ಟೆ. ನಿಜ ಹೇಳಿದರೆ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾರೇನೋ ಅಂತ ಭಯ. ಯಾರಾದರೂ ಒಂದೆರಡು ಗಂಟೆ ಜೊತೆಗಿರುವ ವ್ಯವಸ್ಥೆ ಇಲ್ಲಿ ಇದೆಯಾ?

ತುಂಗೆ ನೀರು: ಮನಸ್ಸು ಸರಿಯಿಲ್ಲ ಅಂದಿದ್ದಕ್ಕೆ ಯಾರೂ ಮಗುವನ್ನು ಕರೆದುಕೊಂಡು ಹೋಗುವುದಿಲ್ಲಮ್ಮ. ಹೆಲ್ತ್ ವಿಸಿಟರ್‌ಗೆ ಫೋನ್ ಮಾಡಿ ನಿಜ ಹೇಳಿ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕೊಡುವ ಟಾಕಿಂಗ್ ಥೆರಪಿಗೆ, ಅಂದರೆ ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ, ಜಿಪಿ (ಫ್ಯಾಮಿಲಿ ಡಾಕ್ಟರ್) ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. ಇನ್ನೊಂದು, ಹೋಮ್-ಸ್ಟಾರ್ಟ್ ಅನ್ನುವ ಸೇವಾ ಸಂಸ್ಥೆ. 1973ರಲ್ಲಿ ನಿಮ್ಮ ಲೆಸ್ಟರ್‌ನಲ್ಲೇ ಶುರುವಾಗಿದ್ದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ತರಬೇತಿ ಪಡೆದ ಸ್ವಯಂಸೇವಕರು ಬರುತ್ತಾರೆ, ದುಡ್ಡು ಕೇಳುವುದಿಲ್ಲ. ಲೈಬ್ರರಿಯಲ್ಲಿ ಪುಟ್ಟ ಮಕ್ಕಳಿಗೆ ಹಾಡು ಹೇಳಿಸುವ ರೈಮ್ ಟೈಮ್‌ಗೂ ಹೋಗಿ.

ಹಳೇ ಹುಲಿ (ಸ್ಲೌ, 1998ರಿಂದ): ಗುರುತಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಾ? ನಾವು ಬಂದಾಗ ಇದೆಲ್ಲ ಏನಿತ್ತು? ಮೊದಲು ಅತ್ತೆ, ಆಮೇಲೆ ಅಮ್ಮ. ಆರಾರು ತಿಂಗಳು ಪಾಳಿ ಹಾಕಿ. ಆಗಲ್ವಾ, ಎರಡು ವರ್ಷ ಮಗುವನ್ನು ಊರಲ್ಲಿ ಬಿಡಿ. ನನ್ನ ಮಗ ಹಾಗೇ ಬೆಳೆದ, ಇವತ್ತು ಡಾಕ್ಟರ್. ಅಚ್ಚ ಕನ್ನಡ ಮಾತಾಡುತ್ತಾನೆ.

ಕಾಫಿ ತೋಟ: ವಾರಕ್ಕೆ 30 ಗಂಟೆ ನರ್ಸರಿ ಫ್ರೀ ಇದೆಯಲ್ಲ, ಒಂಬತ್ತು ತಿಂಗಳು ತುಂಬಿದ ಮುಂದಿನ ಟರ್ಮ್‌ನಿಂದಲೇ (ಶಾಲೆಯ ಅವಧಿ). ಅಲ್ಲಿವರೆಗೆ ತಾಳಿ.

ತುಂಗೆ ನೀರು: ಅದು ಇಬ್ಬರೂ ಕೆಲಸದಲ್ಲಿದ್ದರೆ ಮಾತ್ರ. ಇಬ್ಬರ ವೀಸಾದ ಮೇಲೂ ‘ನೋ ಪಬ್ಲಿಕ್ ಫಂಡ್ಸ್’ (ಸರ್ಕಾರದ ನೆರವು ಸಿಗದು) ಅಂತಿದ್ದರೆ ಅದೂ ಇಲ್ಲ. ಮೂರು ವರ್ಷ ತುಂಬಿದ ಮುಂದಿನ ಟರ್ಮ್‌ನಿಂದ ವಾರಕ್ಕೆ 15 ಗಂಟೆ ಸಿಗುವುದಕ್ಕೆ ಮಾತ್ರ ವೀಸಾ ಕೇಳುವುದಿಲ್ಲ.

ಸುಮ್ನಿರೋ ಪಾಪು: ಹುಲಿ ಸರ್, ನಾನೂ ಮಗಳನ್ನು ಊರಲ್ಲಿ ಬಿಟ್ಟಿದ್ದೆ. 14 ತಿಂಗಳು. ಕರೆದುಕೊಂಡು ಬರಲು ಹೋದಾಗ ನನ್ನನ್ನು ಆಂಟಿ ಅಂದಳು. ಆ ರಾತ್ರಿ ಅಜ್ಜಿ ಸೆರಗು ಬಿಡಲಿಲ್ಲ. ಈಗ ಅವಳಿಗೆ ಹತ್ತೊಂಬತ್ತು. ಏನಾದರೂ ಬೇಕಾದರೆ ಇವತ್ತಿಗೂ ಮೊದಲು ಅಜ್ಜಿಗೇ ಫೋನ್.

ಹಳೇ ಹುಲಿ: ಅಜ್ಜಿಗೆ ಫೋನ್ ಮಾಡಿದರೆ ತಪ್ಪೇನು? ಇಲ್ಲಿ ಹುಟ್ಟಿ ಬೆಳೆದವರು ಅಜ್ಜಿ ಜೊತೆ ಹಾಯ್, ಬಾಯ್ ಬಿಟ್ಟು ಇನ್ನೇನು ಮಾತಾಡುತ್ತಾರೆ?

ಕಾಫಿ ತೋಟ: ಅದು ನಿಜ. ನಮ್ಮವನಿಗೆ ಮನೆಯಲ್ಲಿ ಎಷ್ಟು ಕನ್ನಡ ಆಡಿದರೂ ಉತ್ತರ ಇಂಗ್ಲಿಷಲ್ಲೇ. ಭಾನುವಾರದ ಕನ್ನಡ ಕ್ಲಾಸ್‌ಗೆ ಹೋಗು ಅಂದರೆ ಹೊಟ್ಟೆನೋವು.

ಹಳೇ ಹುಲಿ: ಹೊಟ್ಟೆನೋವಿಗೆ ಓಮದ ನೀರು ಕೊಟ್ಟು ಕಳಿಸಿ! ಅಪ್ಪ ಅಮ್ಮ ಗಟ್ಟಿಯಾಗಿರಬೇಕು.

ಸುಮ್ನಿರೋ ಪಾಪು: ಆ ಹುಡುಗಿ ಕೇಳಿದ್ದು ಕನ್ನಡ ಕ್ಲಾಸ್ ಬಗ್ಗೆ ಅಲ್ಲ ಸರ್.

(ಇಲ್ಲಿಂದ ಮುಂದೆ ಮೂವತ್ತೊಂದು ಉತ್ತರ, ಎಲ್ಲ ಕನ್ನಡ ಕ್ಲಾಸ್ ಬಗ್ಗೆ.)

ಬೆಣ್ಣೆದೋಸೆ, ಬೆಳಗಿನ ಜಾವ 3.10: ತುಂಗೆ ಅಕ್ಕ, ಮಗುವನ್ನು ಈಗಷ್ಟೇ ಮಲಗಿಸಿದೆ. ಆ ರೈಮ್ ಟೈಮ್‌ನಲ್ಲಿ ಮಗು ಜಾಸ್ತಿ ಅತ್ತರೆ ಎದ್ದು ಹೋಗಿ ಅಂತಾರಾ?

ಹಳೇ ಹುಲಿ: ಅದೆಲ್ಲ ಇರಲಿ. ಅಮ್ಮನ ಪಾಸ್‌ಪೋರ್ಟ್ ರೆಡಿ ಇದೆಯಾ, ಮೊದಲು ಅದು ಹೇಳಿ.